ಸ್ವಂತ ಪ್ರೋಗ್ರಾಮಿಂಗ್ ಭಾಷೆ ಕಟ್ಟಲು ದೊಡ್ಡ ಕಂಪನಿಯೇ ಬೇಕೆ? ಉಚಿತವಾಗಿ ಕಲಿಯುವ ದಾರಿ ಇಲ್ಲಿದೆ

"ಪ್ರೋಗ್ರಾಮಿಂಗ್ ಭಾಷೆ ಮಾಡುವುದು ಗೂಗಲ್, ಮೈಕ್ರೋಸಾಫ್ಟ್‌ನಂಥವರಿಗೆ ಮಾತ್ರ ಸಾಧ್ಯ." "ಏಳೇ ದಿನದಲ್ಲಿ ಕಂಪೈಲರ್ ಬರೆಯಿರಿ, ಇವತ್ತೇ ಹಣ ಕಟ್ಟಿದರೆ ರಿಯಾಯಿತಿ." "ಕಂಪ್ಯೂಟರ್‌ಗೆ ಅತ್ಯುತ್ತಮ ಭಾಷೆ ಸಂಸ್ಕೃತ ಎಂದು ನಾಸಾ ಹೇಳಿದೆ." ಕಾಲೇಜು ಗೆಳೆಯರ ವಾಟ್ಸಾಪ್ ಗುಂಪಿನಲ್ಲಿರುವವರಿಗೆ ಈ ಧಾಟಿಯ ಮಾತುಗಳು ಹೊಸದೇನಲ್ಲ. ಮೊದಲನೆಯದು ಉತ್ಸಾಹ ಕುಂದಿಸುತ್ತದೆ, ಎರಡನೆಯದು ಜೇಬಿಗೆ ಕತ್ತರಿ ಹಾಕುತ್ತದೆ, ಮೂರನೆಯದು ದಾರಿ ತಪ್ಪಿಸುತ್ತದೆ.

ಚಿಕ್ಕದಾದರೂ ನಿಜವಾಗಿ ಓಡುವ ಭಾಷೆಯೊಂದನ್ನು ಡಿಪ್ಲೊಮಾ ಅಥವಾ ಪದವಿ ಓದುತ್ತಿರುವ ವಿದ್ಯಾರ್ಥಿ ಮನೆಯಲ್ಲೇ ಕೂತು ಕಟ್ಟಬಹುದು. ಅದಕ್ಕೆ ಬೇಕಾದ ಪುಸ್ತಕ, ಪಾಠ, ಉಪಕರಣಗಳಲ್ಲಿ ಅತ್ಯುತ್ತಮವಾದವು ಉಚಿತವಾಗಿಯೇ ಸಿಗುತ್ತವೆ. ಆದರೆ ಯಾವುದನ್ನು ಮೊದಲು ಓದಬೇಕು, ಯಾವುದನ್ನು ಆಮೇಲೆ ಓದಬೇಕು ಎಂಬುದು ತಿಳಿಯದೆ ಹಲವರು ಅರ್ಧಕ್ಕೇ ಕೈಬಿಡುತ್ತಾರೆ. ಈ ಲೇಖನದಲ್ಲಿ ನಾವು ಆ ಕ್ರಮವನ್ನು ವಿವರಿಸುತ್ತೇವೆ. ಜೊತೆಗೆ ಈ ವಿಷಯದ ಸುತ್ತ ಹಬ್ಬಿರುವ ಕೆಲವು ತಪ್ಪು ಕಲ್ಪನೆಗಳನ್ನೂ ಪರಿಶೀಲಿಸುತ್ತೇವೆ.

ಭಾಷೆ ಕಟ್ಟುವುದು ಎಂದರೇನು?

ಕಂಪ್ಯೂಟರಿನ ಚಿಪ್‌ಗೆ ತಿಳಿಯುವುದು ಸಂಖ್ಯೆಗಳ ರೂಪದಲ್ಲಿರುವ ಆಜ್ಞೆಗಳು ಮಾತ್ರ. ಜಾವಾ, ಪೈಥಾನ್ ಮುಂತಾದ ಭಾಷೆಗಳಲ್ಲಿ ಬರೆದದ್ದನ್ನು ಚಿಪ್‌ಗೆ ಮುಟ್ಟಿಸಲು ನಡುವೆ ಇನ್ನೊಂದು ಪ್ರೋಗ್ರಾಂ ಇರಬೇಕು. ಬರೆದದ್ದನ್ನೆಲ್ಲ ಮೊದಲೇ ಬೇರೆ ರೂಪಕ್ಕೆ ತಿರುಗಿಸಿಡುವುದು ಕಂಪೈಲರ್. ಓದುತ್ತ ಹೋದಂತೆ ಆಗಿಂದಾಗಲೇ ಕೆಲಸ ಮಾಡಿಸುವುದು ಇಂಟರ್‌ಪ್ರೆಟರ್. ಹೊಸ ಭಾಷೆ ಕಟ್ಟುವುದೆಂದರೆ ಅದರ ನಿಯಮಗಳನ್ನು ತೀರ್ಮಾನಿಸಿ, ಇವೆರಡರಲ್ಲಿ ಒಂದನ್ನು ಬರೆಯುವುದು.

ಶಾಲೆಯಲ್ಲಿ ಕನ್ನಡ ಮೇಷ್ಟ್ರು ಒಂದು ವಾಕ್ಯ ಕೊಟ್ಟು, ಅದನ್ನು ಪದಗಳಾಗಿ ಬಿಡಿಸಿ, ಕರ್ತೃ ಯಾವುದು, ಕರ್ಮ ಯಾವುದು, ಕ್ರಿಯಾಪದ ಯಾವುದು ಎಂದು ಗುರುತಿಸಲು ಹೇಳುತ್ತಿದ್ದರಲ್ಲ, ಇಲ್ಲಿಯೂ ಹೆಚ್ಚುಕಡಿಮೆ ಅದೇ ಕೆಲಸ. ಪಠ್ಯವನ್ನು ಪದಗಳಾಗಿ ಬಿಡಿಸುವ ಭಾಗಕ್ಕೆ ಲೆಕ್ಸರ್ ಎಂದು ಹೆಸರು. ಪದಗಳ ನಡುವಿನ ಸಂಬಂಧ ಹುಡುಕಿ ಮರದಂಥ ರಚನೆ ಮಾಡುವುದು ಪಾರ್ಸರ್. 2 + 3 × 4 ಎಂದು ಬರೆದರೆ ಗುಣಾಕಾರ ಮೊದಲು ಆಗಬೇಕು, ಉತ್ತರ 14 ಬರಬೇಕು, 20 ಬರಬಾರದು ಎಂಬುದನ್ನು ಈ ಮರವೇ ಹಿಡಿದಿಡುತ್ತದೆ. ಮರ ಸಿದ್ಧವಾದ ಮೇಲೆ ಅದನ್ನು ನೇರವಾಗಿ ಓಡಿಸಬಹುದು, ಇಲ್ಲವೇ ಬೇರೆ ಆಜ್ಞೆಗಳಿಗೆ ತಿರುಗಿಸಬಹುದು.

ಇಷ್ಟೇ ಆಗಿದ್ದರೆ ಕೆಲಸ ಸುಲಭ. ನಿಜವಾದ ಕಷ್ಟ ಇರುವುದು ಇದರಾಚೆಗೆ. ಬಳಸಿ ಮುಗಿದ ಮೆಮೊರಿಯನ್ನು ಮರಳಿ ಪಡೆಯಬೇಕು, ಬೇರೆ ಬೇರೆ ಚಿಪ್‌ಗಳಿಗೂ ವಿಂಡೋಸ್, ಲಿನಕ್ಸ್‌ಗಳಿಗೂ ಹೊಂದಿಸಬೇಕು, ವೇಗವಾಗಿ ಓಡಿಸಬೇಕು, ಫೈಲ್ ಮತ್ತು ಇಂಟರ್‌ನೆಟ್ ಬಳಕೆಗೆ ಬೇಕಾದ ಲೈಬ್ರರಿ ಒದಗಿಸಬೇಕು. ಮ್ಯಾನೇಜ್ಡ್ ರನ್‌ಟೈಮ್ ನೆರವಿಗೆ ಬರುವುದು ಇಲ್ಲೇ.

ಮ್ಯಾನೇಜ್ಡ್ ರನ್‌ಟೈಮ್: ಛತ್ರದಲ್ಲಿ ಮದುವೆ ಮಾಡಿದಂತೆ

ಮನೆ ಮುಂದೆ ಮದುವೆ ಮಾಡುವುದಾದರೆ ಚಪ್ಪರ, ಪಾತ್ರೆ, ನೀರು, ದೀಪ ಎಲ್ಲವನ್ನೂ ನಾವೇ ಹೊಂದಿಸಬೇಕು. ಛತ್ರ ಹಿಡಿದರೆ ಅವೆಲ್ಲ ಅಲ್ಲಿಯೇ ಇರುತ್ತವೆ. ಊಟವಾದ ಮೇಲೆ ಎಲೆ ಎತ್ತುವವರೂ ಇರುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ನಮ್ಮ ಮನೆಯ ಶಾಸ್ತ್ರ, ನಮ್ಮ ಮನೆಯ ಅಡುಗೆ.

ಮ್ಯಾನೇಜ್ಡ್ ರನ್‌ಟೈಮ್ ಅಂಥದೊಂದು ಛತ್ರ. ಇವುಗಳಲ್ಲಿ ಹೆಸರುವಾಸಿಯಾದವು ಎರಡು. ಒಂದು, ಸನ್ ಮೈಕ್ರೋಸಿಸ್ಟಮ್ಸ್ 1995ರಲ್ಲಿ ಜಾವಾ ಭಾಷೆಯ ಜೊತೆಗೆ ತಂದ ಜಾವಾ ವರ್ಚುವಲ್ ಮಷೀನ್, ಚಿಕ್ಕದಾಗಿ ಜೆವಿಎಂ. ಇನ್ನೊಂದು, ಮೈಕ್ರೋಸಾಫ್ಟ್ 2002ರಲ್ಲಿ ಬಿಡುಗಡೆ ಮಾಡಿದ ಡಾಟ್‌ನೆಟ್. ಎರಡೂ ನಿಜವಾದ ಚಿಪ್‌ನ ಆಜ್ಞೆಗಳ ಬದಲು ಬೈಟ್‌ಕೋಡ್ ಎಂಬ ನಡುವಿನ ಆಜ್ಞೆಗಳನ್ನು ಸ್ವೀಕರಿಸುತ್ತವೆ. ನಿಮ್ಮ ಭಾಷೆಯನ್ನು ಆ ಬೈಟ್‌ಕೋಡ್‌ಗೆ ತಿರುಗಿಸಿ ಕೊಟ್ಟರೆ ಸಾಕು. ಬೇಡವಾದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್, ಓಡುತ್ತಿರುವಾಗಲೇ ಬೈಟ್‌ಕೋಡನ್ನು ಚಿಪ್‌ನ ಆಜ್ಞೆಯಾಗಿಸಿ ವೇಗ ಕೊಡುವ ಜಿಟ್ ಕಂಪೈಲರ್, ಸಾವಿರಾರು ಲೈಬ್ರರಿಗಳು, ಎಲ್ಲವೂ ಪುಕ್ಕಟೆಯಾಗಿ ಸಿಗುತ್ತವೆ.

ಇದೇ ಬಗೆಯ ವ್ಯವಸ್ಥೆ ನಿಮ್ಮ ಕೈಯಲ್ಲಿರುವ ಫೋನಿನಲ್ಲೂ ಇದೆ. ಜಾವಾ ಅಥವಾ ಕೋಟ್ಲಿನ್‌ನಲ್ಲಿ ಬರೆದ ಆ್ಯಂಡ್ರಾಯ್ಡ್ ಆ್ಯಪ್‌ಗಳು ಎಆರ್‌ಟಿ ಎಂಬ ರನ್‌ಟೈಮ್ ಮೇಲೆ ಓಡುತ್ತವೆ. ಡಾಲ್ವಿಕ್ ಎಂಬ ಹಳೆಯ ರನ್‌ಟೈಮ್ ಬದಲಿಗೆ 2014ರಲ್ಲಿ ಆ್ಯಂಡ್ರಾಯ್ಡ್ 5.0 ಜೊತೆ ಇದು ಬಂತು.

ತಪ್ಪು ಕಲ್ಪನೆ: ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ

ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಜೆವಿಎಂ ಮೇಲೆ ಓಡುವ ಕ್ಲೋಜರ್ ಭಾಷೆಯನ್ನು ರಿಚ್ ಹಿಕಿ ಎಂಬವರು ಯಾವ ಕಂಪನಿಯ ಬೆಂಬಲವೂ ಇಲ್ಲದೆ, ಸ್ವಂತ ಉಳಿತಾಯದ ಹಣದಲ್ಲಿ ರೂಪಿಸಿ 2007ರಲ್ಲಿ ಹೊರತಂದರು. ಜಿಮ್ ಹ್ಯೂಗನಿನ್ ಅವರು 1997ರಲ್ಲಿ ಪೈಥಾನ್ ಭಾಷೆಯನ್ನು ಜೆವಿಎಂ ಮೇಲೆ ಓಡಿಸಿ ತೋರಿಸಿದರು. ಅದೇ ಮುಂದೆ ಜೈಥಾನ್ ಎನಿಸಿಕೊಂಡಿತು.

ಹ್ಯೂಗನಿನ್ ಅವರ ಮುಂದಿನ ಕಥೆ ಇನ್ನೂ ಸ್ವಾರಸ್ಯದ್ದು. ಪೈಥಾನ್‌ನಂಥ ಭಾಷೆಗಳಿಗೆ ಡಾಟ್‌ನೆಟ್ ಹೇಳಿಮಾಡಿಸಿದ್ದಲ್ಲ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಅದು ಯಾಕೆ ಹಾಗೆ ಎಂದು ವಿವರಿಸುವ ಲೇಖನ ಬರೆಯಲೆಂದೇ ಅವರು ಪ್ರಯೋಗ ಶುರು ಮಾಡಿದರು. ಮಾಡಿ ನೋಡಿದಾಗ ಪೈಥಾನ್ ಅಲ್ಲಿ ಚೆನ್ನಾಗಿಯೇ ಓಡಿತು. ಆ ಪ್ರಯೋಗವೇ ಐರನ್‌ಪೈಥಾನ್ ಆಯಿತು. 2004ರಲ್ಲಿ ಅವರು ಮೈಕ್ರೋಸಾಫ್ಟ್ ಸೇರಿದರು, 2006ರಲ್ಲಿ ಐರನ್‌ಪೈಥಾನ್ 1.0 ಹೊರಬಂತು. ಎಲ್ಲರೂ ಹೇಳುತ್ತಾರೆಂದು ನಂಬುವ ಬದಲು ಅಳೆದು ನೋಡಿದ್ದಕ್ಕೆ ಸಿಕ್ಕ ಫಲ ಇದು.

ಹಾಗೆಂದು ದೊಡ್ಡ ತಂಡಗಳ ಪಾತ್ರ ಇಲ್ಲವೆಂದಲ್ಲ. ಕೋಟ್ಲಿನ್ ಭಾಷೆಯನ್ನು ಜೆಟ್‌ಬ್ರೈನ್ಸ್ ಕಂಪನಿ 2011ರಲ್ಲಿ ಪ್ರಕಟಿಸಿತು. ಅದರ 1.0 ಆವೃತ್ತಿ ಬರಲು 2016ರವರೆಗೆ ಸಮಯ ಹಿಡಿಯಿತು. 2017ರಲ್ಲಿ ಗೂಗಲ್ ಅದನ್ನು ಆ್ಯಂಡ್ರಾಯ್ಡ್‌ಗೆ ಅಧಿಕೃತ ಭಾಷೆಯಾಗಿ ಒಪ್ಪಿತು. ಲಕ್ಷಾಂತರ ಜನ ಬಳಸುವ ಭಾಷೆಗೆ ತಂಡವೂ ಬೇಕು, ವರ್ಷಗಳೂ ಬೇಕು. ಆದರೆ ಭಾಷೆ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಒಂದು ಚಿಕ್ಕ ಭಾಷೆ ಕಟ್ಟಿದರೆ ಸಾಕು.

ಏನನ್ನು ಓದಬೇಕು? ಐದು ಹೆಜ್ಜೆಗಳು

ಶುರು ಮಾಡುವ ಮುನ್ನ ಜಾವಾ ಅಥವಾ ಸಿ ಶಾರ್ಪ್‌ನಲ್ಲಿ ಕ್ಲಾಸ್, ಲಿಸ್ಟ್, ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್, ಇಷ್ಟು ಗೊತ್ತಿರಬೇಕು. ಮನೆಯಲ್ಲಿರುವ ಸಾಧಾರಣ ಲ್ಯಾಪ್‌ಟಾಪ್ ಸಾಕು, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಡ. ಪಾಠವನ್ನು ಫೋನಿನಲ್ಲಿ ಓದಬಹುದು, ಆದರೆ ಕೋಡ್ ಬರೆಯಲು ಕೀಬೋರ್ಡ್ ಇದ್ದರೆ ವಾಸಿ.

ಹೆಜ್ಜೆ 1: ಮರದ ಮೇಲೆ ಓಡುವ ಇಂಟರ್‌ಪ್ರೆಟರ್

ಮೊದಲ ಪುಸ್ತಕವಾಗಿ ನಾವು ಸೂಚಿಸುವುದು ರಾಬರ್ಟ್ ನಿಸ್ಟ್ರಮ್ ಅವರ 'ಕ್ರಾಫ್ಟಿಂಗ್ ಇಂಟರ್‌ಪ್ರಿಟರ್ಸ್'. 2021ರಲ್ಲಿ ಮುದ್ರಣವಾಗಿದ್ದರೂ ಇಡೀ ಪುಸ್ತಕವನ್ನು ಲೇಖಕರೇ ತಮ್ಮ ಜಾಲತಾಣದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಲಾಕ್ಸ್ ಎಂಬ ಚಿಕ್ಕ ಭಾಷೆಯನ್ನು ಇದರಲ್ಲಿ ಎರಡು ಸಲ ಕಟ್ಟುತ್ತಾರೆ. ಮೊದಲ ಸಲ ಜಾವಾದಲ್ಲಿ, ಎರಡನೇ ಸಲ ಸಿ ಭಾಷೆಯಲ್ಲಿ. ಒಂದು ಸಾಲನ್ನೂ ಬಿಡದೆ ಪೂರ್ತಿ ಕೋಡ್ ಕೊಟ್ಟಿರುವುದು ಇದರ ಹೆಚ್ಚುಗಾರಿಕೆ. ಈ ಹೆಜ್ಜೆಗೆ ಜಾವಾ ಭಾಗ ಮಾತ್ರ ಸಾಕು. ಕಾಪಿ ಮಾಡಿ ಅಂಟಿಸದೆ ಕೈಯಾರೆ ಟೈಪ್ ಮಾಡಿ. ತಪ್ಪಾದಾಗ ಹುಡುಕಿ ಸರಿಪಡಿಸುವುದರಲ್ಲೇ ಅರ್ಧ ಕಲಿಕೆ ಇದೆ.

ಸಿ ಶಾರ್ಪ್ ಇಷ್ಟಪಡುವವರಿಗೆ ಇಮ್ಮೊ ಲ್ಯಾಂಡ್‌ವರ್ತ್ ಅವರ ಯೂಟ್ಯೂಬ್ ಪಾಠಸರಣಿ ಇದೆ. ಮಿನ್ಸ್ಕ್ ಎಂಬ ಭಾಷೆಯನ್ನು ಅವರು ವೀಕ್ಷಕರ ಕಣ್ಣೆದುರೇ ಮೊದಲಿನಿಂದ ಕಟ್ಟುತ್ತ ಹೋಗುತ್ತಾರೆ. ಮುಂದಿನ ಕಂತುಗಳಲ್ಲಿ ಅದೇ ಭಾಷೆಯಿಂದ ಡಾಟ್‌ನೆಟ್ ಬೈಟ್‌ಕೋಡ್ ತೆಗೆಯುವವರೆಗೂ ಪಾಠ ಸಾಗುತ್ತದೆ.

ಹೆಜ್ಜೆ 2: ಸ್ಟ್ಯಾಕ್ ಮಷೀನ್ ಅರ್ಥಮಾಡಿಕೊಳ್ಳುವುದು

ಜೆವಿಎಂ ಮತ್ತು ಡಾಟ್‌ನೆಟ್ ಎರಡರ ಬೈಟ್‌ಕೋಡ್ ಕೂಡ ಸ್ಟ್ಯಾಕ್ ಎಂಬ ರಚನೆಯನ್ನು ನಂಬಿದೆ. ಒಂದರ ಮೇಲೊಂದು ಜೋಡಿಸಿಟ್ಟ ತಟ್ಟೆಗಳನ್ನು ನೆನೆಯಿರಿ. ಇಡುವುದೂ ಮೇಲೆಯೇ, ತೆಗೆಯುವುದೂ ಮೇಲಿನಿಂದಲೇ. 2 + 3 × 4 ಎಂಬ ಲೆಕ್ಕ ಅಲ್ಲಿ ಹೀಗೆ ನಡೆಯುತ್ತದೆ:

1. 2 ಅನ್ನು ಮೇಲಿಡು.
2. 3 ಅನ್ನು ಮೇಲಿಡು.
3. 4 ಅನ್ನು ಮೇಲಿಡು.
4. ಮೇಲಿನ ಎರಡನ್ನು ತೆಗೆದು ಗುಣಿಸು, ಉತ್ತರ 12 ಅನ್ನು ಮೇಲಿಡು.
5. ಮೇಲಿನ ಎರಡನ್ನು ತೆಗೆದು ಕೂಡಿಸು, ಉತ್ತರ 14 ಅನ್ನು ಮೇಲಿಡು.

ಸಂಖ್ಯೆಗಳು ಮೊದಲು, ಮಾಡಬೇಕಾದ ಕೆಲಸ ಕೊನೆಗೆ. "ಎರಡಕ್ಕೆ ಮೂರು ಕೂಡಿಸು" ಎಂದು ಕ್ರಿಯಾಪದವನ್ನು ಕೊನೆಗೆ ಇಡುವ ಕನ್ನಡಿಗರಿಗೆ ಈ ಕ್ರಮ ಬೇಗ ಹಿಡಿಸುತ್ತದೆ. (ಇದನ್ನೇ ಹಿಡಿದು "ಕಂಪ್ಯೂಟರ್‌ಗೆ ಕನ್ನಡವೇ ಶ್ರೇಷ್ಠ" ಎಂದು ಫಾರ್ವರ್ಡ್ ಮಾಡಬೇಡಿ. ಕ್ರಿಯಾಪದ ಕೊನೆಗೆ ಬರುವ ಭಾಷೆಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ!)

ಇದನ್ನು ಆಳವಾಗಿ ಕಲಿಯಲು ಎರಡು ದಾರಿಗಳಿವೆ. ಒಂದು, ನಿಸ್ಟ್ರಮ್ ಪುಸ್ತಕದ ಸಿ ಭಾಗ. ಅದರಲ್ಲಿ ಬೈಟ್‌ಕೋಡ್ ಓಡಿಸುವ ಯಂತ್ರವನ್ನೂ ಗಾರ್ಬೇಜ್ ಕಲೆಕ್ಟರನ್ನೂ ನೀವೇ ಬರೆಯುತ್ತೀರಿ. ಇನ್ನೊಂದು, ನೋಮ್ ನಿಸಾನ್ ಮತ್ತು ಶಿಮೊನ್ ಶೋಕನ್ ರೂಪಿಸಿದ 'ನ್ಯಾಂಡ್ ಟು ಟೆಟ್ರಿಸ್' ಪಾಠಕ್ರಮದ ಉತ್ತರಾರ್ಧ. ಛತ್ರದ ಅಡುಗೆಮನೆಯನ್ನು ಒಮ್ಮೆ ಒಳಹೊಕ್ಕು ನೋಡಿದವರಿಗೆ, ಅಲ್ಲಿ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬುದು ಗೊತ್ತಾಗುತ್ತದೆ.

ಹೆಜ್ಜೆ 3: ನಿಜವಾದ ಬೈಟ್‌ಕೋಡ್ ನೋಡುವುದು

ಜಾವಾ ಡೆವಲಪ್‌ಮೆಂಟ್ ಕಿಟ್ ಜೊತೆಗೇ ಜಾವಾಪಿ ಎಂಬ ಉಪಕರಣ ಬರುತ್ತದೆ. ಕಂಪೈಲ್ ಆದ ಕ್ಲಾಸ್ ಫೈಲನ್ನು ಅದಕ್ಕೆ ಕೊಟ್ಟರೆ ಒಳಗಿನ ಆಜ್ಞೆಗಳನ್ನು ಪಟ್ಟಿ ಮಾಡಿ ತೋರಿಸುತ್ತದೆ. ಡಾಟ್‌ನೆಟ್‌ಗೆ ಐಎಲ್‌ಸ್ಪೈ ಎಂಬ ಉಚಿತ ಉಪಕರಣವಿದೆ. ಶಾರ್ಪ್‌ಲ್ಯಾಬ್ ಎಂಬ ಜಾಲತಾಣದಲ್ಲಂತೂ ಏನನ್ನೂ ಇನ್‌ಸ್ಟಾಲ್ ಮಾಡದೆ ಒಂದು ಬದಿಯಲ್ಲಿ ಸಿ ಶಾರ್ಪ್ ಬರೆದು, ಇನ್ನೊಂದು ಬದಿಯಲ್ಲಿ ಅದರ ಬೈಟ್‌ಕೋಡ್ ನೋಡಬಹುದು.

ಇಲ್ಲೊಂದು ಎಚ್ಚರಿಕೆ. ಮೇಲಿನ ಲೆಕ್ಕವನ್ನೇ ಜಾವಾದಲ್ಲಿ ಬರೆದು ನೋಡಿದರೆ ಕೂಡುವ, ಗುಣಿಸುವ ಆಜ್ಞೆಗಳು ಕಾಣುವುದೇ ಇಲ್ಲ, ಬರೀ 14 ಕಾಣುತ್ತದೆ. ಸ್ಥಿರ ಸಂಖ್ಯೆಗಳ ಲೆಕ್ಕವನ್ನು ಕಂಪೈಲರ್ ಮೊದಲೇ ಮಾಡಿಮುಗಿಸಿರುತ್ತದೆ. ಆದ್ದರಿಂದ ಸಂಖ್ಯೆಗಳನ್ನು ಫಂಕ್ಷನ್‌ಗೆ ಹೊರಗಿನಿಂದ ಕೊಟ್ಟು ಪ್ರಯತ್ನಿಸಿ. ಇನ್ನೊಂದು ತಮಾಷೆಯ ವಿಷಯವೆಂದರೆ, ಪ್ರತಿ ಜಾವಾ ಕ್ಲಾಸ್ ಫೈಲಿನ ಮೊದಲ ನಾಲ್ಕು ಬೈಟ್‌ಗಳನ್ನು ಹದಿನಾರರ ಅಂಕಪದ್ಧತಿಯಲ್ಲಿ ಓದಿದರೆ "ಕೆಫೆಬೇಬ್" ಎಂದಾಗುತ್ತದೆ. ಫೈಲ್ ಅಸಲಿಯೇ ಎಂದು ಗುರುತಿಸಲು ಜಾವಾ ರೂಪಿಸಿದವರು ಇಟ್ಟ ಗುರುತು ಅದು.

ಹೆಜ್ಜೆ 4: ನಿಮ್ಮ ಭಾಷೆಯಿಂದ ಬೈಟ್‌ಕೋಡ್ ಹೊರಡಿಸುವುದು

ಬೈಟ್‌ಗಳನ್ನು ಕೈಯಿಂದ ಜೋಡಿಸುವ ಅಗತ್ಯವಿಲ್ಲ. ಜೆವಿಎಂಗೆ ಎಎಸ್‌ಎಂ ಎಂಬ ಲೈಬ್ರರಿ ಬಹುಕಾಲದಿಂದ ಬಳಕೆಯಲ್ಲಿದೆ. ಗ್ರೂವಿ, ಕೋಟ್ಲಿನ್ ಭಾಷೆಗಳ ಕಂಪೈಲರ್‌ಗಳೂ ಇದನ್ನೇ ಬಳಸಿವೆ. 2025ರಲ್ಲಿ ಬಂದ ಜಾವಾ 24ರಿಂದ ಈ ಕೆಲಸಕ್ಕೆ ಜಾವಾದೊಳಗೇ ಕ್ಲಾಸ್ ಫೈಲ್ ಎಪಿಐ ಎಂಬ ಸೌಲಭ್ಯ ಸೇರಿದೆ. ಡಾಟ್‌ನೆಟ್‌ನಲ್ಲಿ ರಿಫ್ಲೆಕ್ಷನ್ ಎಮಿಟ್ ಮತ್ತು ಮೋನೊ ಸೆಸಿಲ್ ಎಂಬ ಲೈಬ್ರರಿಗಳಿವೆ.

ಇಲ್ಲಿ ಮೂಲ ನಿಯಮಗ್ರಂಥಗಳು ಬೇಕಾಗುತ್ತವೆ. ಜೆವಿಎಂ ಸ್ಪೆಸಿಫಿಕೇಶನ್ ಒರಾಕಲ್ ಜಾಲತಾಣದಲ್ಲಿ ಉಚಿತವಾಗಿದೆ. ಮೊದಲ ಪುಟದಿಂದ ಕೊನೆಯವರೆಗೆ ಓದಲು ಹೋದರೆ ಯಾರಿಗಾದರೂ ಬೇಸರ ಬರುತ್ತದೆ. 3ನೇ ಅಧ್ಯಾಯದಿಂದ ಶುರು ಮಾಡಿ. ಜಾವಾದ ಲೂಪ್, ಫಂಕ್ಷನ್ ಕರೆ ಮುಂತಾದವು ಬೈಟ್‌ಕೋಡ್ ಆಗುವ ಬಗೆಯನ್ನು ಅಲ್ಲಿ ಉದಾಹರಣೆಗಳ ಸಮೇತ ವಿವರಿಸಿದ್ದಾರೆ. ಆಜ್ಞೆಗಳ ವಿವರ ಬೇಕಾದಾಗ ನಿಘಂಟು ತಿರುವಿದಂತೆ 6ನೇ ಅಧ್ಯಾಯ ನೋಡಿದರೆ ಆಯಿತು. ಡಾಟ್‌ನೆಟ್‌ಗೆ ಇಸಿಎಂಎ 335 ಎಂಬ ಉಚಿತ ಮಾನದಂಡವಿದೆ, ಅದರ 3ನೇ ಭಾಗದಲ್ಲಿ ಆಜ್ಞೆಗಳಿವೆ.

ಹೆಜ್ಜೆ 5: ವೇಗ ಮತ್ತು ಸಿದ್ಧಾಂತ

ಇಂಟರ್‌ಪ್ರೆಟರ್ ಮಾತ್ರ ಬರೆದು ಕಂಪೈಲರಿನ ವೇಗ ಪಡೆಯುವ ದಾರಿಯೂ ಇದೆ. ಒರಾಕಲ್‌ನ ಗ್ರಾಲ್‌ವಿಎಂ ಜೊತೆ ಬರುವ ಟ್ರಫಲ್ ಈ ಕೆಲಸ ಮಾಡುತ್ತದೆ. ಕಲಿಯುವವರಿಗೆಂದೇ ಸಿಂಪಲ್ ಲ್ಯಾಂಗ್ವೇಜ್ ಎಂಬ ಮಾದರಿ ಭಾಷೆಯ ಕೋಡನ್ನು ಮುಕ್ತವಾಗಿ ಇಟ್ಟಿದ್ದಾರೆ. ಇದರ ಹಿಂದಿರುವುದು ಜಪಾನಿನ ಯೋಶಿಹಿಕೊ ಫುಟಮುರಾ 1971ರಲ್ಲಿ ಮಂಡಿಸಿದ ವಿಚಾರ. ಇಂಟರ್‌ಪ್ರೆಟರನ್ನು ಒಂದು ನಿರ್ದಿಷ್ಟ ಪ್ರೋಗ್ರಾಂಗೆ ಹೊಂದಿಸಿ ಸರಳಗೊಳಿಸಿದರೆ ಸಿಗುವುದೇ ಕಂಪೈಲ್ ಆದ ಪ್ರೋಗ್ರಾಂ ಎಂಬುದು ಅದರ ಸಾರ.

ಸಿದ್ಧಾಂತ ಬೇಕೆನ್ನುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವೈ.ಎನ್. ಶ್ರೀಕಾಂತ್ ಅವರ ಕಂಪೈಲರ್ ಉಪನ್ಯಾಸಗಳು ಎನ್‌ಪಿಟಿಇಎಲ್‌ನಲ್ಲಿವೆ. ಎನ್‌ಪಿಟಿಇಎಲ್ ಪಾಠ ನೋಡುವುದು ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಕೂರುವವರಿಗೆ ಮಾತ್ರ ಶುಲ್ಕ. ಹೊದಿಕೆಯ ಮೇಲಿನ ಚಿತ್ರದಿಂದಾಗಿ 'ಡ್ರ್ಯಾಗನ್ ಬುಕ್' ಎಂದೇ ಕರೆಸಿಕೊಳ್ಳುವ ಆಹೊ, ಸೇಥಿ, ಉಲ್ಮನ್ ಅವರ 1986ರ ಪಠ್ಯಪುಸ್ತಕ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಚಿರಪರಿಚಿತ. ಆದರೆ ಅದನ್ನೇ ಮೊದಲು ಹಿಡಿದರೆ ಲೆಕ್ಸರ್, ಪಾರ್ಸರ್ ಸಿದ್ಧಾಂತದಲ್ಲೇ ದಣಿವಾಗಿ, ಓಡುವ ಭಾಷೆ ಕಣ್ಣಿಗೆ ಕಾಣುವ ಮೊದಲೇ ಕೈಬಿಡುವ ಸಂಭವ ಹೆಚ್ಚು. ಒಂದು ಭಾಷೆ ಕಟ್ಟಿದ ಮೇಲೆ ಓದಿದರೆ ಅದೇ ಪುಸ್ತಕ ಬೇರೆಯಾಗಿ ಕಾಣುತ್ತದೆ.

ಹಳೆಯ ಪಾಠಗಳಲ್ಲಿ ಕಾಲು ಜಾರುವ ಜಾಗಗಳು

ಇಂಟರ್‌ನೆಟ್‌ನಲ್ಲಿ ಸಿಗುವ ಪಾಠ ಯಾವ ವರ್ಷದ್ದು ಎಂದು ಮೊದಲು ನೋಡಿ. ರನ್‌ಟೈಮ್ ಬದಲಾಗುತ್ತ ಬಂದಂತೆ ಹಳೆಯ ಪಾಠದ ಕೆಲವು ಭಾಗಗಳು ಕೆಲಸ ಮಾಡುವುದಿಲ್ಲ. ಎರಡು ಉದಾಹರಣೆ ಕೊಡುತ್ತೇವೆ.

ಜೆವಿಎಂ ಯಾವುದೇ ಬೈಟ್‌ಕೋಡನ್ನು ಓಡಿಸುವ ಮುನ್ನ ಅದು ಸುರಕ್ಷಿತವೇ ಎಂದು ತಪಾಸಣೆ ಮಾಡುತ್ತದೆ. 2011ರ ಜಾವಾ 7ರ ಕ್ಲಾಸ್ ಫೈಲ್‌ಗಳಿಂದ ಈಚೆಗೆ, ಕವಲೊಡೆಯುವ ಕೋಡ್‌ನ ಯಾವ ಜಾಗದಲ್ಲಿ ಸ್ಟ್ಯಾಕ್‌ನಲ್ಲಿ ಯಾವ ಬಗೆಯ ಮೌಲ್ಯಗಳಿವೆ ಎಂಬ ಪಟ್ಟಿಯನ್ನೂ ಫೈಲಿನಲ್ಲೇ ಕೊಡುವುದು ಕಡ್ಡಾಯ. 1990ರ ದಶಕದ ಪುಸ್ತಕಗಳಲ್ಲಿ ಈ ವಿಷಯ ಇರುವುದಿಲ್ಲ. ಹಾಗಾಗಿ ಅವುಗಳನ್ನು ನೋಡಿ ಬರೆದ ಕೋಡ್ ಇಂದಿನ ಆವೃತ್ತಿಯ ಫೈಲಿನಲ್ಲಿ ತಪಾಸಣೆ ದಾಟದೆ ನಿಂತುಬಿಡುತ್ತದೆ. ಎಎಸ್‌ಎಂ ಲೈಬ್ರರಿಯಲ್ಲಿ ಕಂಪ್ಯೂಟ್ ಫ್ರೇಮ್ಸ್ ಎಂಬ ಆಯ್ಕೆ ಹಾಕಿದರೆ ಈ ಪಟ್ಟಿಯನ್ನು ಅದೇ ತಯಾರಿಸಿಕೊಡುತ್ತದೆ.

ಡಾಟ್‌ನೆಟ್‌ನಲ್ಲಿ ರಿಫ್ಲೆಕ್ಷನ್ ಎಮಿಟ್ ಮೂಲಕ ತಯಾರಿಸಿದ ಕೋಡನ್ನು ಫೈಲಾಗಿ ಉಳಿಸುವ ಸೌಲಭ್ಯ ಹಳೆಯ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿತ್ತು. ಹೊಸದಾಗಿ ಬರೆದ ಡಾಟ್‌ನೆಟ್ ಕೋರ್‌ನಲ್ಲಿ ಅದು ಇರಲಿಲ್ಲ. 2024ರ ಡಾಟ್‌ನೆಟ್ 9ರಲ್ಲಿ ಬೇರೆ ರೂಪದಲ್ಲಿ ಮರಳಿ ಬಂತು. ಹಳೆಯ ಪಾಠವನ್ನು ಹಾಗೇ ಅನುಸರಿಸಿದರೆ ಈ ಹಂತದಲ್ಲಿ ದೋಷ ಬರುವುದು ಖಂಡಿತ. ಎಐ ಚಾಟ್‌ಬಾಟ್‌ಗಳ ಉತ್ತರದಲ್ಲೂ ಹಳೆಯದು, ಹೊಸದು ಬೆರೆತಿರಬಹುದು. ಅವು ಕೊಟ್ಟ ಕೋಡನ್ನು ಓಡಿಸಿ ನೋಡದೆ ನಂಬಬೇಡಿ.

ಕನ್ನಡ ಪದಗಳಿಂದಲೇ ಭಾಷೆ ಕಟ್ಟಬಹುದೇ?

ಖಂಡಿತ ಕಟ್ಟಬಹುದು. "ಹೇಳು", "ಆದರೆ", "ಇಲ್ಲದಿದ್ದರೆ" ಮುಂತಾದ ಪದಗಳನ್ನೇ ಆಜ್ಞೆಗಳಾಗಿ ಇಟ್ಟುಕೊಳ್ಳಬಹುದು. ಹೆಸರುಗಳಲ್ಲಿ ಕನ್ನಡ ಅಕ್ಷರ ಬಳಸಲು ಜಾವಾ ಅನುಮತಿ ಕೊಡುತ್ತದೆ. ಅಷ್ಟೇ ಅಲ್ಲ, "೧೨" ಎಂದು ಕನ್ನಡ ಅಂಕಿಯಲ್ಲಿ ಬರೆದ ಪಠ್ಯವನ್ನು ಸಂಖ್ಯೆಯಾಗಿ ಓದಲು ಕೊಟ್ಟರೆ ಜಾವಾ ಅದನ್ನು 12 ಎಂದೇ ಸರಿಯಾಗಿ ಓದುತ್ತದೆ.

ಆದರೆ ಪುಸ್ತಕದ ಕೋಡನ್ನು ಹಾಗೆಯೇ ಇಳಿಸಿಕೊಂಡರೆ ಕನ್ನಡ ಓಡುವುದಿಲ್ಲ. ನಿಸ್ಟ್ರಮ್ ಪುಸ್ತಕದ ಲೆಕ್ಸರ್ ಇಂಗ್ಲಿಷಿನ 26 ಅಕ್ಷರ ಮತ್ತು ಅಡಿಗೆರೆಯನ್ನು ಮಾತ್ರ ಅಕ್ಷರವೆಂದು ಒಪ್ಪುತ್ತದೆ. ಅದನ್ನು ಬದಲಿಸಿ, "ಇದು ಅಕ್ಷರವೇ?" ಎಂದು ಜಾವಾವನ್ನು ಕೇಳಿದರೂ ಸಾಲದು. "ಹೇಳು" ಪದದಲ್ಲಿರುವ ಹ, ಳ ಇವೆರಡು ಯೂನಿಕೋಡ್ ಪ್ರಕಾರ ಅಕ್ಷರಗಳು. ಏತ್ವ ಮತ್ತು ಉಕಾರದ ಕೊಂಬು ಅಕ್ಷರಗಳಲ್ಲ, ಚಿಹ್ನೆಗಳು. ಒತ್ತಕ್ಷರ ಮೂಡಿಸುವ ಹಲಂತವೂ ಚಿಹ್ನೆಯೇ. ಹೀಗಾಗಿ ಲೆಕ್ಸರ್ "ಹ" ಓದಿ ಅಲ್ಲೇ ನಿಲ್ಲುತ್ತದೆ. ಅಕ್ಷರವೇ ಎಂದು ಕೇಳುವ ಬದಲು "ಹೆಸರಿನ ಭಾಗವಾಗಬಹುದೇ?" ಎಂದು ಕೇಳುವ ಬೇರೆ ಫಂಕ್ಷನ್ ಜಾವಾದಲ್ಲಿದೆ, ಅದನ್ನು ಬಳಸಬೇಕು.

ಎರಡನೇ ತೊಡಕು ಕಣ್ಣಿಗೆ ಕಾಣದ್ದು. "ಕೊ" ಎಂಬುದನ್ನು ಕ ಜೊತೆಗೆ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಎರಡು ಚಿಹ್ನೆ ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ಥರ, ಕಂಪ್ಯೂಟರಿನ ಲೆಕ್ಕದಲ್ಲಿ ಬೇರೆ ಬೇರೆ. ಒಂದೇ ಹೆಸರು ಎರಡು ಕಡೆ ಎರಡು ಬಗೆಯಾಗಿದ್ದರೆ "ಇಂಥ ಹೆಸರೇ ಇಲ್ಲ" ಎಂಬ ದೋಷ ಬರುತ್ತದೆ, ಎಷ್ಟು ನೋಡಿದರೂ ಕಾರಣ ಹೊಳೆಯುವುದಿಲ್ಲ. ಓದಿದ ಕೂಡಲೇ ಪಠ್ಯವನ್ನು ಯೂನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ ತಂದುಕೊಂಡರೆ ಈ ಸಮಸ್ಯೆ ತಪ್ಪುತ್ತದೆ. ಜಾವಾದಲ್ಲಿ ಇದಕ್ಕೆ ನಾರ್ಮಲೈಸರ್ ಎಂಬ ಕ್ಲಾಸ್ ಇದೆ.

ಪಾಠಗಳನ್ನು ಬರೆದವರು ಇಂಗ್ಲಿಷನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿರುವುದರಿಂದ ಈ ವಿಷಯಗಳು ಅವುಗಳಲ್ಲಿ ವಿರಳ. ಕನ್ನಡದಲ್ಲಿ ಭಾಷೆ ಕಟ್ಟಹೊರಟವರಿಗೆ ಇದು ಬಿಡಿಸಲೇಬೇಕಾದ ಮೊದಲ ಗಂಟು.

ಸಂಸ್ಕೃತ ಮತ್ತು ನಾಸಾ: ಆ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

ಈ ಸಂದೇಶದ ಮೂಲ 1985ರಲ್ಲಿ 'ಎಐ ಮ್ಯಾಗಜೀನ್' ಪತ್ರಿಕೆಯಲ್ಲಿ ಬಂದ ಲೇಖನ. ನಾಸಾದ ಏಮ್ಸ್ ಸಂಶೋಧನಾ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ ಅದನ್ನು ಬರೆದರು. ಸಂಸ್ಕೃತ ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸಿ ಹೇಳುತ್ತಿದ್ದ ಕ್ರಮಕ್ಕೂ, ಕೃತಕ ಬುದ್ಧಿಮತ್ತೆಯಲ್ಲಿ ಜ್ಞಾನವನ್ನು ಜೋಡಿಸಿಡುವ ಕ್ರಮಕ್ಕೂ ಹೋಲಿಕೆ ಇದೆ ಎಂಬುದು ಅವರ ವಾದ. ಅದು ಒಬ್ಬ ಸಂಶೋಧಕರ ಲೇಖನ, ನಾಸಾದ ತೀರ್ಮಾನವಲ್ಲ. ಸಂಸ್ಕೃತದಲ್ಲಿ ಪ್ರೋಗ್ರಾಂ ಬರೆಯಬೇಕೆಂದು ಅದರಲ್ಲಿ ಹೇಳಿಲ್ಲ.

ಪಾಣಿನಿಗೆ ಸಲ್ಲಬೇಕಾದ ನಿಜವಾದ ಗೌರವ ಬೇರೆ ಕಡೆ ಇದೆ. ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯಲು ಬಳಸುವ ಬ್ಯಾಕಸ್–ನೌರ್ ಕ್ರಮವನ್ನು ಹೋಲುವ ಪದ್ಧತಿಯನ್ನು ಪಾಣಿನಿ ಶತಮಾನಗಳ ಹಿಂದೆಯೇ ಬಳಸಿದ್ದನೆಂದೂ, ಅದನ್ನು 'ಪಾಣಿನಿ–ಬ್ಯಾಕಸ್ ಕ್ರಮ' ಎಂದು ಕರೆಯಬೇಕೆಂದೂ ಪೀಟರ್ ಇಂಗರ್‌ಮನ್ ಎಂಬವರು 1967ರಲ್ಲಿ ಕಂಪ್ಯೂಟರ್ ತಜ್ಞರ ಪತ್ರಿಕೆಯೊಂದಕ್ಕೆ ಪತ್ರ ಬರೆದಿದ್ದರು. ಪಾಣಿನಿಯ ಹೆಚ್ಚುಗಾರಿಕೆ ಇರುವುದು ನಿಯಮಗಳನ್ನು ಅಡಕವಾಗಿ ಬರೆಯುವ ವಿಧಾನದಲ್ಲಿ. ಭಾಷೆ ಕಟ್ಟುವವರು ಕಲಿಯಬೇಕಾದ್ದೂ ಅದನ್ನೇ.

ಛತ್ರಕ್ಕೂ ನಿಯಮಗಳಿವೆ

ಮ್ಯಾನೇಜ್ಡ್ ರನ್‌ಟೈಮ್ ಎಲ್ಲ ಕೆಲಸಕ್ಕೂ ಒಗ್ಗುತ್ತದೆ ಎನ್ನಲಾಗದು. ಜೆವಿಎಂ ಜಾವಾಕ್ಕಾಗಿ ಹುಟ್ಟಿದ್ದು. ಜಾವಾಕ್ಕಿಂತ ತೀರ ಬೇರೆಯಾದ ಭಾಷೆಯನ್ನು ಅದಕ್ಕೆ ಹೊಂದಿಸಲು ಕೆಲವೊಮ್ಮೆ ಹೆಣಗಬೇಕಾಗುತ್ತದೆ. ಉದಾಹರಣೆಗೆ, ಫಂಕ್ಷನ್ ತನ್ನ ಕೊನೆಯ ಕೆಲಸವಾಗಿ ಇನ್ನೊಂದನ್ನು ಕರೆದಾಗ ಹಳೆಯ ಜಾಗವನ್ನೇ ಮರಳಿ ಬಳಸುವ ಸೌಲಭ್ಯ ಜೆವಿಎಂನಲ್ಲಿ ಇಲ್ಲ. ಅದಕ್ಕಾಗಿಯೇ ಕ್ಲೋಜರ್ 'ರಿಕರ್' ಎಂಬ ಪ್ರತ್ಯೇಕ ಪದ ಇಟ್ಟುಕೊಂಡಿದೆ. ಡಾಟ್‌ನೆಟ್ ಬೈಟ್‌ಕೋಡ್‌ನಲ್ಲಿ ಆ ಸೌಲಭ್ಯ ಇದೆ, ಎಫ್ ಶಾರ್ಪ್ ಭಾಷೆ ಅದನ್ನು ಬಳಸಿಕೊಳ್ಳುತ್ತದೆ. ಪೈಥಾನ್‌ನಂಥ ಭಾಷೆಗಳಿಗೆ ನೆರವಾಗಲು 2011ರಲ್ಲಿ ಜೆವಿಎಂಗೆ ಇನ್ವೋಕ್‌ಡೈನಾಮಿಕ್ ಎಂಬ ಹೊಸ ಆಜ್ಞೆಯನ್ನೇ ಸೇರಿಸಬೇಕಾಯಿತು. ಯಾವ ಬಗೆಯ ಭಾಷೆ ಕಟ್ಟುತ್ತೀರಿ ಎಂಬುದನ್ನು ನೋಡಿಕೊಂಡು ರನ್‌ಟೈಮ್ ಆರಿಸಿ.

ಹಣ ಕಟ್ಟುವ, ಲಿಂಕ್ ಒತ್ತುವ ಮುನ್ನ

• ಏಳು ದಿನದಲ್ಲಿ ಕಲಿಸುತ್ತೇವೆ ಎನ್ನುವವರ ಪಾಠಪಟ್ಟಿ ಕೇಳಿ. ಮೇಲಿನ ಐದು ಹೆಜ್ಜೆಗಳಲ್ಲಿ ಎಷ್ಟು ಇವೆ ಎಂದು ತಾಳೆ ನೋಡಿ. ಇದು ವಾರಗಳು, ತಿಂಗಳುಗಳು ಹಿಡಿಯುವ ಕಲಿಕೆ.

• ಪಾಠ ಹೇಳುವವರು ತಾವೇ ಕಟ್ಟಿದ, ಓಡುವ ಭಾಷೆಯ ಕೋಡ್ ತೋರಿಸಬಲ್ಲರೇ ಎಂದು ವಿಚಾರಿಸಿ.

• "ಉಚಿತ ಪಿಡಿಎಫ್" ಹೆಸರಿನಲ್ಲಿ ಬರುವ ಎಪಿಕೆ ಅಥವಾ ಇಎಕ್ಸ್‌ಇ ಫೈಲ್ ತೆರೆಯಬೇಡಿ. ಲೇಖಕರೇ ಉಚಿತವಾಗಿ ಇಟ್ಟ ಪುಸ್ತಕಕ್ಕೆ ಆ್ಯಪ್ ಇನ್‌ಸ್ಟಾಲ್ ಮಾಡುವ ಅಗತ್ಯ ಇರುವುದಿಲ್ಲ.

• ಜೆಡಿಕೆ, ಡಾಟ್‌ನೆಟ್ ಕಿಟ್‌ಗಳನ್ನು ಫಾರ್ವರ್ಡ್ ಆದ ಲಿಂಕ್‌ನಿಂದ ಇಳಿಸಿಕೊಳ್ಳಬೇಡಿ. ಅಧಿಕೃತ ಜಾಲತಾಣದ ವಿಳಾಸವನ್ನು ನೀವೇ ಹುಡುಕಿ ಹೋಗಿ.

• ಶುಲ್ಕ ಕೊಟ್ಟು ಕಲಿಯುವುದು ತಪ್ಪೇನಲ್ಲ. ಸಂದೇಹ ಬಂದಾಗ ಕೇಳಲು ಗುರು ಸಿಗುವುದಾದರೆ ಅದಕ್ಕೆ ಬೆಲೆ ಇದೆ. ಪುಕ್ಕಟೆ ಸಿಗುವ ಪುಸ್ತಕದ ಪಾಠವನ್ನೇ ವಿಡಿಯೊ ಮಾಡಿ ಮಾರುತ್ತಿದ್ದರೆ ಯೋಚಿಸಿ.

ಒಟ್ಟಿನಲ್ಲಿ

ಪ್ರೋಗ್ರಾಮಿಂಗ್ ಭಾಷೆ ಕಟ್ಟುವುದು ದೊಡ್ಡ ಕಂಪನಿಗಳಿಗೆ ಮಾತ್ರ ಸಾಧ್ಯ ಎಂಬುದು ತಪ್ಪು. ಏಳೇ ದಿನದಲ್ಲಿ ಬಂದುಬಿಡುತ್ತದೆ ಎಂಬುದೂ ತಪ್ಪು. ಕಷ್ಟದ ಕೆಲಸಗಳನ್ನು ರನ್‌ಟೈಮ್‌ಗೆ ಬಿಟ್ಟು, ಮೊದಲು ಚಿಕ್ಕ ಇಂಟರ್‌ಪ್ರೆಟರ್, ಆಮೇಲೆ ಸ್ಟ್ಯಾಕ್ ಮಷೀನ್, ಆಮೇಲೆ ಬೈಟ್‌ಕೋಡ್ ನೋಡುವುದು, ಹೊರಡಿಸುವುದು, ಕೊನೆಗೆ ವೇಗ ಮತ್ತು ಸಿದ್ಧಾಂತ, ಈ ಕ್ರಮದಲ್ಲಿ ಸಾಗಿದರೆ ದಾರಿ ಸಲೀಸು. ಭಾಷೆ ಕಟ್ಟಿದವರೆಲ್ಲ ಹೊಸ ಕೋಟ್ಲಿನ್ ಕೊಡಲೇಬೇಕೆಂದಿಲ್ಲ. ದಿನವೂ ಬಳಸುವ ಜಾವಾ, ಪೈಥಾನ್ ತೋರಿಸುವ ದೋಷ ಸಂದೇಶ ಯಾಕೆ ಬಂತು, ಪ್ರೋಗ್ರಾಂ ಯಾಕೆ ನಿಧಾನವಾಯಿತು ಎಂಬುದು ಅವರಿಗೆ ಬೇರೆಯವರಿಗಿಂತ ಬೇಗ ಹೊಳೆಯುತ್ತದೆ. ಅಷ್ಟೇ ಸಿಕ್ಕರೂ ಪಟ್ಟ ಶ್ರಮ ವ್ಯರ್ಥವಲ್ಲ.

ನಿಮ್ಮ ಗುಂಪಿನಲ್ಲಿ ಕಂಪ್ಯೂಟರ್ ಓದುತ್ತಿರುವ ಮಕ್ಕಳಿದ್ದರೆ, ದುಬಾರಿ ಕೋರ್ಸಿನ ಜಾಹೀರಾತಿನ ಬದಲು ಈ ಓದಿನ ಪಟ್ಟಿಯನ್ನು ಅವರಿಗೆ ಕಳಿಸಿ.